ಸಿಟ್ಟಿನ ಕ್ಯಾಪ್ಟನ್

ದಿ ಸೌಂಡ್ ಆಫ್ ಮ್ಯೂಸಿಕ್ ಸಿನಿಮಾದಲ್ಲಿ ಸೀಟಿ ಊದಿ ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಗಡಸು ಅಪ್ಪ ನೆನಪಿದ್ದಾರಲ್ವಾ? ಆ ಕ್ಯಾಪ್ಟನ್ ಪಾತ್ರ ಮಾಡಿದ ನಟ ಕ್ರಿಸ್ಟೋಫರ್ ಪ್ಲಮ್ಮರ್. ಆ ಮನುಷ್ಯನಿಗೆ ತನ್ನ ಆ ಸಿನಿಮಾನೇ ಕಂಡರೆ ಆಗುತ್ತಿರಲಿಲ್ಲ ಅಂತ ಗೊತ್ತಾದಾಗ ನನಗೆ ಬೇಜಾರಾಗಿತ್ತು. ಹೆಸರಿನ 'ಮ್ಯೂಸಿಕ್' ಅನ್ನು 'ಮ್ಯೂಕಸ್' ಮಾಡಿ ಆಡಿಕೊಳ್ಳುತ್ತಿದ್ದರು. ಮ್ಯೂಕಸ್ ಅಂದ್ರೆ ಸಿಂಬಳ!

ಈಗ ಅನಿಸುತ್ತದೆ, ಆ ಅಸಡ್ಡೆಯೇ ಸಿನಿಮಾವನ್ನು ಕಾಪಾಡಿದೆ ಅಂತ. ಇಲ್ಲದಿದ್ದರೆ ಬರೀ ಪಾಯಸ. ಮಕ್ಕಳನ್ನು ನೋಡಿಕೊಳ್ಳಲು ಬಂದ ಮರಿಯಾಳನ್ನು ಕ್ಯಾಪ್ಟನ್ ಬೈದು, ಗಂಟುಮೂಟೆ ಕಟ್ಟು ಅಂದ ಬೆನ್ನಿಗೇ ಒಳಗಿಂದ ಹಾಡು ಕೇಳಿಸುತ್ತದೆ. ಹಾಡುತ್ತಿರುವುದು ತನ್ನ ಮಕ್ಕಳೇ. ಬಾಗಿಲ ಬಳಿ ಬಂದು ನಿಲ್ಲುತ್ತಾರೆ, ಬಿಗಿದ ಮುಖ ಮೆಲ್ಲಗೆ ಸಡಿಲವಾಗುತ್ತದೆ, ಆಮೇಲೆ ತಾವೂ ದನಿಗೂಡಿಸುತ್ತಾರೆ. ಹಾಡಿನ ದನಿ ಬಿಲ್ ಲೀ ಎಂಬ ಗಾಯಕನದು, ಅದು ಬೇರೆ ಮಾತು. ಮುಖ ಮಾತ್ರ ಪ್ಲಮ್ಮರ್ ಅವರದೇ. ಮೊದಲಿನಿಂದಲೂ ನಗುನಗುತ್ತಾ ಇದ್ದಿದ್ದರೆ ಆ ಕ್ಷಣಕ್ಕೆ ಏನು ಬೆಲೆ?

ಅವರ ಮನಸ್ಸಿದ್ದದ್ದು ನಾಟಕದಲ್ಲಿ. ಹುಟ್ಟಿದ್ದು 1929ರಲ್ಲಿ ಟೊರಾಂಟೊದಲ್ಲಿ, ಬೆಳೆದದ್ದು ಮಾಂಟ್ರಿಯಲ್ ಕಡೆ. ಮುತ್ತಜ್ಜ ಜಾನ್ ಆಬಟ್ ಕೆನಡಾದ ಪ್ರಧಾನಿಯಾಗಿದ್ದವರು. 1956ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ನಾಟಕೋತ್ಸವದಲ್ಲಿ ಶೇಕ್ಸ್‌ಪಿಯರ್ ನಾಟಕದ ಐದನೇ ಹೆನ್ರಿಯ ಪಾತ್ರ. ಒಂದು ದಿನ ಕಿಡ್ನಿ ಕಲ್ಲಿನ ನೋವಿನಿಂದ ರಂಗಕ್ಕೆ ಬರಲಾಗದೆ ಬದಲಿ ನಟ ಬಂದ. ಯಾರು ಗೊತ್ತಾ? ಮುಂದೆ ಸ್ಟಾರ್ ಟ್ರೆಕ್‌ನಲ್ಲಿ ಕ್ಯಾಪ್ಟನ್ ಕರ್ಕ್ ಆದ ವಿಲಿಯಂ ಶಾಟ್ನರ್! ಇವರು ನಿಂತು ಹೇಳುತ್ತಿದ್ದ ಮಾತನ್ನು ಆತ ಕೂತು ಹೇಳಿದ, ಕೂತು ಹೇಳುತ್ತಿದ್ದುದನ್ನು ನಿಂತು ಹೇಳಿದ. ಈತ ಸ್ಟಾರ್ ಆಗುತ್ತಾನೆ ಅಂತ ಪ್ಲಮ್ಮರ್‌ಗೆ ಆಗಲೇ ಖಾತ್ರಿಯಾಯಿತಂತೆ.

1974ರಲ್ಲೊಂದು, 1997ರಲ್ಲೊಂದು ಟೋನಿ, ಅಂದ್ರೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ. 2002ರಲ್ಲಿ ಅದೇ ಸ್ಟ್ರಾಟ್‌ಫರ್ಡ್‌ನಲ್ಲಿ ಕಿಂಗ್ ಲಿಯರ್. ನಾವು ಅದನ್ನೆಲ್ಲ ನೋಡಿಲ್ಲ. ನಾಟಕದವರ ಹಣೆಬರಹವೇ ಅಷ್ಟು, ಪರದೆ ಬಿದ್ದರೆ ಮುಗೀತು. ಬಿಗಿನರ್ಸ್ ಸಿನಿಮಾಕ್ಕೆ ಆಸ್ಕರ್ ಬಂದದ್ದು 82ನೇ ವಯಸ್ಸಿಗೆ. ಆ ಪ್ರತಿಮೆಯನ್ನು ಹಿಡಿದು, ನೀನು ನನಗಿಂತ ಎರಡೇ ವರ್ಷ ದೊಡ್ಡವಳು, ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಿದರು. ತುಂಟ ಮುದುಕ!

2017ರ ನವೆಂಬರ್‌ನಲ್ಲಿ ಇನ್ನೊಂದು ಮಜಾ. ಆಲ್ ದಿ ಮನಿ ಇನ್ ದಿ ವರ್ಲ್ಡ್ ಸಿನಿಮಾ ಬಿಡುಗಡೆಗೆ ಸಿದ್ಧವಾಗಿತ್ತು. ಒಬ್ಬ ನಟನನ್ನು ಕೈಬಿಟ್ಟು ಆ ಪಾತ್ರವನ್ನು ಮತ್ತೆ ಚಿತ್ರಿಸಬೇಕಾಯಿತು. ಪ್ಲಮ್ಮರ್ ಬಂದರು, ಒಂಬತ್ತೇ ದಿನದಲ್ಲಿ ಮುಗಿಸಿಕೊಟ್ಟರು. ಅದಕ್ಕೂ ಆಸ್ಕರ್ ನಾಮನಿರ್ದೇಶನ. 87ರ ವಯಸ್ಸಿನಲ್ಲಿ, ಈ ಸಲ ಬದಲಿ ನಟ ಅವರೇ.