ತಿದ್ದಿದ ದೇಹಕ್ಕೊಂದು ಲೇಬಲ್: ಬೇಕೆ, ಬೇಡವೆ?

ಜಾಹೀರಾತಿನ ಚಿತ್ರದಲ್ಲಿ ಮನುಷ್ಯರ ಮೈಕಟ್ಟನ್ನೋ ಚರ್ಮವನ್ನೋ ತಿದ್ದಿದ್ದರೆ ಹಾಗೆಂದು ಬರೆದ ಲೇಬಲ್ ಹಾಕಲೇಬೇಕು ಎನ್ನುವ ನಿಯಮ ನಾರ್ವೆಯಲ್ಲಿ 2022ರ ಜುಲೈ 1ರಿಂದ ಇದೆ. ಫ್ರಾನ್ಸ್ 2017ರಲ್ಲಿ, ಇಸ್ರೇಲ್ ಅದಕ್ಕೂ ಮೊದಲು 2013ರಲ್ಲಿ ಇಂಥದ್ದನ್ನು ಜಾರಿಗೆ ತಂದವು. ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು ಮರಿಕಾ ಟಿಗೆಮನ್ ಅವರದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ. ಹೆಂಗಸರು, ಗಂಡಸರು, ಸಲಿಂಗಿಗಳು ತಂತಮ್ಮ ದೇಹವನ್ನು ಹೇಗೆ ಕಾಣುತ್ತಾರೆ ಎಂಬುದರ ಮೇಲೆ ದಶಕಗಳಿಂದ ಕೆಲಸ ಮಾಡಿದವರು. ಕೆಳಗಿನ ಇಬ್ಬರೂ ಅವರ ಕೆಲಸವನ್ನೇ ಮುಂದಿಟ್ಟುಕೊಂಡು ವಾದಿಸಿದ್ದಾರೆ.

ಪರ: ತಿದ್ದಿದವರು ಹೇಳಲೇಬೇಕು

ನಾನು ಎಂಟು ವರ್ಷ ಮದುವೆ ಆಲ್ಬಮ್ ಡಿಸೈನ್ ಮಾಡಿದವಳು. ಫೋಟೋಶಾಪಿನಲ್ಲಿ ಲಿಕ್ವಿಫೈ ಅಂತ ಒಂದಿದೆ. ದುಂಡನೆಯ ಬ್ರಷ್ಷನ್ನು ರವಿಕೆ ತೋಳಿನ ಕೆಳಗಿಟ್ಟು ಮೆಲ್ಲಗೆ ಒಳಕ್ಕೆ ತಳ್ಳಿದರೆ ತೋಳು ಸಣ್ಣಗಾಗುತ್ತದೆ. ಸೊಂಟಕ್ಕೂ ಅದೇ ವಿದ್ಯೆ. ಆದರೆ ಸೊಂಟ ತಳ್ಳುವಾಗ ಸೀರೆಯ ಜರಿ ಅಂಚೂ ಜೊತೆಗೆ ಸರಿಯುತ್ತದೆ, ಹಿಂದಿನ ಮಂಟಪದ ಕಂಬ ಬಾಗುತ್ತದೆ. ಕೆಲಸದ ಮುಕ್ಕಾಲು ಪಾಲು ಆ ಕಂಬವನ್ನು ಮತ್ತೆ ನೆಟ್ಟಗೆ ಮಾಡುವುದರಲ್ಲೇ ಹೋಗುತ್ತದೆ. ಕಂಬ ನೆಟ್ಟಗಾಯಿತೆಂದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಅಂತಲೇ ನಡುರಾತ್ರಿಯವರೆಗೆ ಕೂತು ಮಾಡುವ ಕೆಲಸ ಇದು. ಹಾಗಾಗಿ 'ಎಲ್ಲಾ ಎಡಿಟ್ ಮಾಡಿರ್ತಾರೆ ಅಂತ ಜನಕ್ಕೆ ಗೊತ್ತಿರುತ್ತೆ ಬಿಡಿ' ಅನ್ನುವ ಮಾತನ್ನು ನಾನು ಒಪ್ಪಲಾರೆ.

ಒಂದು ಸಲ ಆಲ್ಬಮ್ ತೆಗೆದುಕೊಂಡು ಹೋಗಲು ಒಂದು ಮನೆಯವರು ಬಂದಿದ್ದರು. ಮದುಮಗಳನ್ನು ಮಾತ್ರ ತಿದ್ದಿದ್ದೆ, ಪಕ್ಕದಲ್ಲಿ ಕಳಶ ಹಿಡಿದು ನಿಂತ ತಂಗಿಯನ್ನು ಮುಟ್ಟಿರಲಿಲ್ಲ. ಎಂಟನೆಯದೋ ಒಂಬತ್ತನೆಯದೋ ಓದುವ ಹುಡುಗಿ. ಅದೇ ಹಾಳೆಯ ಮೇಲೆ ಬೆರಳಿಟ್ಟು, 'ನಾನು ಅಕ್ಕನಿಗಿಂತ ಇಷ್ಟೊಂದು ದಪ್ಪ ಇದ್ದೀನಾ ಅಮ್ಮ?' ಅಂದಳು. ಇಲ್ಲ ಪುಟ್ಟಾ, ಅಕ್ಕನ ತೋಳು ಸಣ್ಣ ಮಾಡಿದ್ದು ನಾನೇ ಅನ್ನುವ ಮಾತು ಗಂಟಲಲ್ಲೇ ಉಳಿಯಿತು. ಮದುಮಗಳ ಅತ್ತೆ ಅಲ್ಲೇ ಕೂತಿದ್ದರು.

ಮನೆಯ ಆಲ್ಬಮ್ಮಿಗೆ ಕಾನೂನು ಬೇಕೆಂದು ನಾನು ಹೇಳುತ್ತಿಲ್ಲ. ಸರಕು ಮಾರಲೆಂದು ಸಾವಿರಾರು ಜನರ ಕಣ್ಣಿಗೆ ಬೀಳುವಂತೆ ಹಾಕುವ ಚಿತ್ರಕ್ಕೆ ಬೇಕು. ಚಿತ್ರಗಳು ಏನು ಮಾಡಬಲ್ಲವು ಎಂಬುದಕ್ಕೆ ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಉದಾಹರಣೆ ಸಾಕು. ಅಲ್ಲಿನ ನದ್ರೋಗ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಸಂಶೋಧಕಿ ಆನ್ ಬೆಕರ್ ಆಗಲೇ ಶಾಲೆಯ ಹುಡುಗಿಯರನ್ನು ಮಾತನಾಡಿಸಿದರು, ಮತ್ತೆ 1998ರಲ್ಲಿ ಹೋದರು. ಊಟದ ಅಭ್ಯಾಸದ ಪ್ರಶ್ನಾವಳಿಯಲ್ಲಿ ಅಪಾಯದ ಗೆರೆ ದಾಟಿದವರು ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದರು. ತೂಕ ಇಳಿಸಲು ತಾವಾಗಿ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ, ಮೂರು ವರ್ಷದ ನಂತರ ಶೇ. 11.3. ಮೈ ತುಂಬಿಕೊಂಡಿದ್ದರೆ ಚೆಂದ ಎಂದು ಉಣಿಸಿ ಬೆಳೆಸುವ ನಾಡಿನಲ್ಲಿ ಆದ ಮಾತಿದು.

ಲೇಬಲ್ ನೋಡಿದರೂ ಮನಸ್ಸಿಗೆ ಸಮಾಧಾನ ಆಗುವುದಿಲ್ಲವಂತೆ ಎಂದು ಲೇಬಲ್ ಬೇಡ ಅನ್ನುವವರು ಟಿಗೆಮನ್ ಅವರ ಪ್ರಯೋಗಗಳನ್ನು ತೋರಿಸುತ್ತಾರೆ. ಅದೇ ಟಿಗೆಮನ್ 2020ರಲ್ಲಿ ಇಸಬೆಲ್ಲಾ ಆ್ಯಂಡರ್ಬರ್ಗ್ ಜೊತೆ ಪ್ರಕಟಿಸಿದ ಕೆಲಸವನ್ನೂ ನೋಡಬೇಕು. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬಳೇ ಹೆಣ್ಣಿನ ಚೆಂದ ಮಾಡಿದ ಚಿತ್ರ, ಪಕ್ಕದಲ್ಲೇ ಇದ್ದಂತೆ ತೆಗೆದ ಚಿತ್ರ, ಹೀಗೆ ಜೋಡಿ ಹಾಕುತ್ತಾರಲ್ಲ, ಅವನ್ನು ನೋಡಿದ ಯುವತಿಯರಿಗೆ ಬರೀ ಚೆಂದದ ಚಿತ್ರ ನೋಡಿದವರಿಗಿಂತ ತಮ್ಮ ದೇಹದ ಬಗ್ಗೆ ಬೇಸರ ಕಡಿಮೆ ಇತ್ತು. ನಿಜ ಗೊತ್ತಾಗುವುದರಿಂದ ಉಪಯೋಗ ಇದೆ. ಹೇಳುವ ರೀತಿಯನ್ನು ಸುಧಾರಿಸಬೇಕು, ಅಷ್ಟೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಲೇಬಲ್ ಕೆಲಸ ಮಾಡುವುದು ನೋಡುವವರ ಮೇಲೆ ಮಾತ್ರವಲ್ಲ, ಮಾಡುವವರ ಮೇಲೂ. ಫ್ರಾನ್ಸಿನಲ್ಲಿ ದಂಡ 37,500 ಯೂರೋವರೆಗೆ. ನಾರ್ವೆಯಲ್ಲಿ ಲೇಬಲ್ ಚಿತ್ರದ ಸುಮಾರು ಶೇ. 7ರಷ್ಟು ಜಾಗ ತಿನ್ನಬೇಕು. ಅಷ್ಟು ದೊಡ್ಡದನ್ನು ಯಾವ ಕಂಪನಿಯೂ ಖುಷಿಯಿಂದ ಅಂಟಿಸಿಕೊಳ್ಳುವುದಿಲ್ಲ. ಫ್ರೆಂಚ್ ನಿಯಮ ಜಾರಿಯಾದ ದಿನವೇ, 2017ರ ಅಕ್ಟೋಬರ್ 1ರಿಂದ, ಚಿತ್ರಗಳನ್ನು ಮಾರುವ ಗೆಟ್ಟಿ ಇಮೇಜಸ್ ಸಂಸ್ಥೆ ರೂಪದರ್ಶಿಗಳ ಮೈಕಟ್ಟು ತಿದ್ದಿದ ಚಿತ್ರಗಳನ್ನು ಜಾಹೀರಾತಿನ ಸಂಗ್ರಹಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕಂಪ್ಯೂಟರ್ ಮುಂದೆ ಕೂತ ನನ್ನಂಥವರಿಗೆ 'ಈ ತೋಳು ಮುಟ್ಟಬೇಡ' ಎಂಬ ಮಾತು ಮೇಲಿನಿಂದ ಬರಬೇಕು. ನಾವಾಗಿ ಹೇಳಿದರೆ ಕೆಲಸ ಹೋಗುತ್ತದೆ.

ವಿರೋಧ: ನೋವು ಇರುವ ಜಾಗ ಬೇರೆ

ಕಳಶ ಹಿಡಿದ ಆ ತಂಗಿಯ ಪ್ರಸಂಗ ಓದಿ ನನಗೂ ಸಂಕಟವಾಯಿತು. ಡಿಗ್ರಿ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವ ನನಗೆ ಆ ವಯಸ್ಸು ದಾಟಿ ಬಂದ ಹುಡುಗಿಯರ ಪರಿಚಯ ಚೆನ್ನಾಗಿದೆ. ಆದರೆ ಆ ಹಾಳೆಯ ಮೂಲೆಯಲ್ಲಿ 'ತೋಳು ತಿದ್ದಲಾಗಿದೆ' ಎಂದು ಬರೆದಿದ್ದರೆ ಅವಳು ಏನು ನೋಡುತ್ತಿದ್ದಳು? ತೋಳನ್ನೇ. ಮೊದಲು ಅಕ್ಕನದು, ಆಮೇಲೆ ತನ್ನದು.

ಇದು ನನ್ನ ಊಹೆಯಲ್ಲ. ಟಿಗೆಮನ್, ಏಮಿ ಸ್ಲೇಟರ್, ಬೆಲಿಂಡಾ ಬರಿ ಮತ್ತಿತರರು ಫ್ಯಾಷನ್ ಪತ್ರಿಕೆಯ ಜಾಹೀರಾತುಗಳಿಗೆ ಲೇಬಲ್ ಹಾಕಿಯೂ ಹಾಕದೆಯೂ ತೋರಿಸಿ ನೋಡಿದರು. ಲೇಬಲ್ ನೋಡಿದವರು ಹೋಲಿಸಿಕೊಳ್ಳುವುದನ್ನು ಬಿಡಲಿಲ್ಲ, ಅವರ ಬೇಸರವೂ ಇಳಿಯಲಿಲ್ಲ. ಸದಾ ಹೋಲಿಸಿಕೊಳ್ಳುವ ಸ್ವಭಾವದವರಿಗೆ, ಯಾವ ಭಾಗ ತಿದ್ದಿದೆ ಎಂದು ಬಿಡಿಸಿ ಹೇಳುವ ಲೇಬಲ್ ಬೇಸರವನ್ನು ಹೆಚ್ಚೇ ಮಾಡಿತು. ಕಣ್ಣಿನ ಚಲನೆ ದಾಖಲಿಸುವ ಯಂತ್ರದ ಮುಂದೆ ಕೂರಿಸಿದಾಗ ಕಾರಣ ತಿಳಿಯಿತು: ಲೇಬಲ್ ಹೆಸರಿಸಿದ ಅಂಗದ ಕಡೆಗೇ ನೋಟ ಹರಿಯುತ್ತಿತ್ತು. ಯಾರಿಗೆ ನೆರವಾಗಬೇಕಿತ್ತೋ ಅವರನ್ನೇ ಅದು ಚುಚ್ಚಿತು.

ಹೀಗೇಕೆ? 1997ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ ಆ್ಯನ್ ರಾಬರ್ಟ್ಸ್ ಎಂಬ ಮನಃಶಾಸ್ತ್ರಜ್ಞೆಯರು ಒಂದು ವಿಚಾರ ಮಂಡಿಸಿದರು. ಹೆಣ್ಣನ್ನು ವಸ್ತುವಿನಂತೆ ನೋಡುವ ಸಮಾಜದಲ್ಲಿ ಬೆಳೆದವಳು ಮೆಲ್ಲಗೆ ಆ ನೋಟವನ್ನೇ ತನ್ನದಾಗಿಸಿಕೊಂಡು, ತನ್ನನ್ನು ತಾನು ಹೊರಗಿನಿಂದ ನೋಡಿಕೊಳ್ಳತೊಡಗುತ್ತಾಳೆ. ಮರುವರ್ಷದ ಪ್ರಯೋಗ ನನ್ನ ತರಗತಿಯಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವಂಥದ್ದು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಬಟ್ಟೆ ಬದಲಿಸುವ ಕೋಣೆಗೆ ಕಳಿಸಿದರು. ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್. ಒಳಗೆ ಆಳೆತ್ತರದ ಕನ್ನಡಿ. ಅದೇ ಬಟ್ಟೆಯಲ್ಲಿ ಕೂತು ಗಣಿತದ ಲೆಕ್ಕ ಮಾಡಬೇಕು. ಈಜುಡುಗೆಯಲ್ಲಿದ್ದ ಹುಡುಗಿಯರ ಲೆಕ್ಕ ಕೆಟ್ಟಿತು, ಹುಡುಗರದು ಕೆಡಲಿಲ್ಲ.

2007ರಲ್ಲಿ ಯೋಲಾಂಡಾ ಮಾರ್ಟಿನ್ಸ್, ಟಿಗೆಮನ್ ಮತ್ತು ಅಲಾನಾ ಕರ್ಕ್‌ಬ್ರೈಡ್ ಇದನ್ನು ಗಂಡಸರ ಮೇಲೆ ಮಾಡಿ ನೋಡಿದರು. ಬಿಗಿಯಾದ ಈಜುಚಡ್ಡಿ ತೊಟ್ಟಾಗ ಸಲಿಂಗಿ ಪುರುಷರಿಗೆ ದೇಹದ ಬಗ್ಗೆ ನಾಚಿಕೆ ಹೆಚ್ಚಿತು, ತಿನ್ನುವುದರಲ್ಲೂ ಕೈ ಹಿಂದೆ ತೆಗೆದರು. ಹೆಣ್ಣಿನತ್ತ ಆಕರ್ಷಿತರಾಗುವ ಪುರುಷರಿಗೆ ಹಾಗಾಗಲಿಲ್ಲ. ಗಂಡಸರ ನೋಟಕ್ಕೆ ಗುರಿಯಾಗುವವರು, ಹೆಣ್ಣಾಗಲಿ ಗಂಡಾಗಲಿ, ಒಂದೇ ಬಗೆಯ ಭಾರ ಹೊರುತ್ತಾರೆ ಎಂದು ನಾನು ಇದನ್ನು ಓದುತ್ತೇನೆ.

ಆ ಕೋಣೆಯಲ್ಲಿ ಫೋಟೋಶಾಪ್ ಇರಲಿಲ್ಲ. ಕನ್ನಡಿ ಸುಳ್ಳು ಹೇಳಲಿಲ್ಲ. ಆದರೂ ನಾಚಿಕೆ ಬಂತು, ಲೆಕ್ಕ ತಪ್ಪಿತು. ಅಂಥ ನೋವಿಗೆ 'ಈ ಚಿತ್ರ ನಿಜವಲ್ಲ' ಎಂಬ ಚೀಟಿ ಎಲ್ಲಿಯ ಮದ್ದು?

ಜೋಡಿ ಚಿತ್ರಗಳ ಫಲಿತಾಂಶವನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಯುವತಿಯರು ಕಂಡದ್ದು ಮಡಿಕೆ, ಗೆರೆಗಳೆಲ್ಲ ಇದ್ದ ಹಾಗೇ ಇರುವ ಒಂದು ದೇಹವನ್ನು. ಲೇಬಲ್ಲಿನಲ್ಲಿ ಕಾಣುವುದು ಎರಡು ಪದ. ಕಂಪನಿಗಳಿಗೆ ದಾರಿಯೂ ಸುಲಭ: ತಿದ್ದಿ ತೆಳ್ಳಗೆ ಮಾಡುವ ಬದಲು ಇನ್ನೂ ತೆಳ್ಳಗಿನ ಹುಡುಗಿಯನ್ನು ಕರೆತಂದರೆ ಲೇಬಲ್ ಬೇಡವೇ ಬೇಡ. ಅದಕ್ಕೇ ಫ್ರಾನ್ಸ್ ರೂಪದರ್ಶಿಗಳಿಗೆ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಕಡ್ಡಾಯ ಮಾಡಿದೆಯಲ್ಲ, ಆ ನಿಯಮ ನನಗೆ ಹೆಚ್ಚು ಸರಿಯೆನಿಸುತ್ತದೆ. ಅದು ಒಬ್ಬಳ ಊಟವನ್ನಾದರೂ ಕಾಯುತ್ತದೆ.

ಟಿಗೆಮನ್ ಮತ್ತು ಐ. ಬಾರ್ಬಾಟೊ 2018ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ನನ್ನನ್ನು ಬಹಳ ದಿನ ಕಾಡಿತು. ಇನ್‌ಸ್ಟಾಗ್ರಾಮಿನ ಹೆಣ್ಣುಮಕ್ಕಳ ಅವವೇ ಚಿತ್ರಗಳು, ಕೆಳಗಿನ ಕಾಮೆಂಟು ಮಾತ್ರ ಬೇರೆ. ಒಂದು ಗುಂಪಿಗೆ ರೂಪವನ್ನು ಹೊಗಳುವ ಕಾಮೆಂಟು, ಇನ್ನೊಂದಕ್ಕೆ ಚಿತ್ರ ತೆಗೆದ ಜಾಗದ ಬಗೆಗಿನ ಕಾಮೆಂಟು. ರೂಪದ ಹೊಗಳಿಕೆ ಓದಿದವರಿಗೆ ತಮ್ಮ ದೇಹದ ಬಗ್ಗೆ ಬೇಸರ ಹೆಚ್ಚಾಯಿತು. ಬೈಗುಳ ಒಂದೂ ಇರಲಿಲ್ಲ, ಎಲ್ಲವೂ ಒಳ್ಳೆಯ ಮಾತೇ.

ನಾವು ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಆಡುವ ಮಾತು ಇದು. 'ಎಷ್ಟು ಸಣ್ಣ ಆಗಿದೀಯೇ, ಚೆನ್ನಾಗಿ ಕಾಣ್ತೀಯ!' ಪ್ರೀತಿಯಿಂದಲೇ ಅನ್ನುತ್ತೇವೆ. ಪಕ್ಕದಲ್ಲಿ ನಿಂತ ತಂಗಿ ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಯಾವ ದೇಶದ ಕಾನೂನೂ ಲೇಬಲ್ ಅಂಟಿಸಲಾರದು.

ರಜೆ ಮುಗಿಸಿ ಬರುವ ಹುಡುಗಿಯರನ್ನು ನಾನೂ ವರ್ಷಗಟ್ಟಲೆ ಹಾಗೇ ಮಾತನಾಡಿಸಿದವಳು. ಈಗ ಬಿಟ್ಟಿದ್ದೇನೆ. ಊರು ಹೇಗಿತ್ತು, ಮಳೆ ಹಿಡೀತಾ, ಅಜ್ಜಿ ಹೇಗಿದ್ದಾರೆ ಅಂತ ಕೇಳುತ್ತೇನೆ.