ಹೋ ದೊಡ್ಡಪ್ಪನ ಊರಲ್ಲಿ ಕೋಟ್ಯಧೀಶ

ಸೈಗಾನ್ ವಿಮಾನ ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆಯಾಗಿರಲಿಲ್ಲ, ನಾನು ಕೋಟ್ಯಧೀಶನಾಗಿಬಿಟ್ಟೆ. ನಾನೂರು ಡಾಲರ್ ಕೊಟ್ಟಿದ್ದಕ್ಕೆ ಕೌಂಟರಿನ ಹುಡುಗಿ ಹತ್ತಿರಹತ್ತಿರ ಒಂದು ಕೋಟಿ ಡಾಂಗ್ ಎಣಿಸಿ ಮುಂದಿಟ್ಟಳು. ಎಡಪಂಥದ ಪುಸ್ತಕ ಓದಿ ಬೆಳೆದವನಿಗೆ, ಅದೂ ವಿಯೆಟ್ನಾಂನಲ್ಲಿ, ಇಂಥ ಗತಿ ಬರಬಾರದಿತ್ತು. ಪ್ರತಿ ನೋಟಿನ ಮೇಲೂ ಆ ದೇಶದ ಕ್ರಾಂತಿ ನಾಯಕ, ಗಡ್ಡದ ಹೋ ಚಿ ಮಿನ್. ಊರಿಗೆಲ್ಲ ಅವರು ಹೋ ದೊಡ್ಡಪ್ಪ.

ಈ ನೋಟುಗಳದ್ದೇ ಒಂದು ಕತೆ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ. ಮೊದಲನೆಯದರ ಹಿಂದೆ ಹೋಯ್ ಆನ್ ಊರಿನ ಹಳೇ ಸೇತುವೆ, ಎರಡನೆಯದರ ಹಿಂದೆ ದೊಡ್ಡಪ್ಪನ ಬಾಲ್ಯದ ಮನೆ. ರಾತ್ರಿ ಟ್ಯಾಕ್ಸಿಯ ಮಬ್ಬು ದೀಪದಲ್ಲಿ ಸೇತುವೆಯೋ ಮನೆಯೋ ಅಂತ ಕಣ್ಣು ಕಿರಿದು ಮಾಡಿ ನೋಡಿಯೇ ಕೊಡಬೇಕು. ಅಷ್ಟರಲ್ಲಿ ಹಿಂದಿನ ಸ್ಕೂಟರಿನವರೆಲ್ಲ ಹಾರ್ನ್ ಶುರು ಮಾಡಿರುತ್ತಾರೆ.

ಇಷ್ಟಕ್ಕೂ ನನಗೆ ಈ ದೇಶದ ಹುಚ್ಚು ಹಿಡಿಸಿದ್ದು ನನ್ನ ಸೋದರಮಾವ. ಕಾರ್ಮಿಕ ಸಂಘದ ಮನುಷ್ಯ. ಅವನ ಮನೆಗೆ ಬರುತ್ತಿದ್ದ ಸೋವಿಯತ್ ಪತ್ರಿಕೆಗಳ ನುಣುಪು ಹಾಳೆ ನಮ್ಮ ಶಾಲಾ ಪುಸ್ತಕಗಳ ರಟ್ಟಿಗೆ ಹೊದಿಕೆ. 1975ರಲ್ಲಿ ನಾನು ನಾಲ್ಕನೇ ಕ್ಲಾಸು. ಗಣಿತದ ಪುಸ್ತಕದ ಮೇಲೆ, ಯುದ್ಧದ ಕೊನೆಯ ದಿನ ಸೈಗಾನ್ ಅರಮನೆಗೆ ನುಗ್ಗುವ ಉತ್ತರ ವಿಯೆಟ್ನಾಂನ ಟ್ಯಾಂಕ್ ಇತ್ತು. ಭಿನ್ನರಾಶಿ ತಲೆಗೆ ಹತ್ತದಿದ್ದಾಗ ಪುಸ್ತಕ ಮುಚ್ಚಿ ಟ್ಯಾಂಕ್ ನೋಡುತ್ತ ಕೂರುತ್ತಿದ್ದೆ. ಮಾವನಿಗೆ ಬಂಗಾಳಿ ಒಂದಕ್ಷರ ಬರದು. ಆದರೂ ಕಲ್ಕತ್ತದವರ 'ಅಮಾರ್ ನಾಮ್ ತೋಮಾರ್ ನಾಮ್ ವಿಯೆಟ್ನಾಂ' (ನನ್ನ ಹೆಸರು, ನಿನ್ನ ಹೆಸರು ವಿಯೆಟ್ನಾಂ) ಘೋಷಣೆಯನ್ನು ಬಚ್ಚಲುಮನೆಯಲ್ಲೂ ಕೂಗುತ್ತಿದ್ದ. "ಒಳ್ಳೇ ದೇವರನಾಮ, ರಾಗ ಮಾತ್ರ ಸರಿಯಿಲ್ಲ" ಅಂತ ಅಜ್ಜಿ ಗೊಣಗುತ್ತಿದ್ದಳು.

ಹಾಗಾಗಿ ಸೈಗಾನ್‌ನಲ್ಲಿ ಮೊದಲು ಹೋಗಿದ್ದು ಆ ಅರಮನೆಗೇ. ಹೋಗುವುದು ಅಂದರೆ ಸುಮ್ನೆ ಅಲ್ಲ, ನಡುವೆ ಒಂದು ರಸ್ತೆ ಇತ್ತು. ಅದರ ತುಂಬ ಸ್ಕೂಟರುಗಳು. ಒಂದರ ಮೇಲೆ ಫ್ರಿಜ್ಜು, ಇನ್ನೊಂದರ ಮೇಲೆ ಕನ್ನಡಿ ಬೀರು, ಮತ್ತೊಂದರಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ನಾಯಿ. ಇಲ್ಲಿ ದಾಟುವ ವಿಧಾನವೇ ಬೇರೆ: ಓಡಬಾರದು, ನಿಲ್ಲಬಾರದು, ಹಿಂದೆ ಬರಬಾರದು. ಒಂದೇ ವೇಗದಲ್ಲಿ ಹೋಗುತ್ತಿರಬೇಕು, ಅವರೇ ಸುತ್ತಿ ಬಳಸಿ ಹೋಗುತ್ತಾರೆ. ತತ್ವ ಗೊತ್ತಿದ್ದರೆ ಸಾಕೇ? ಕಾಲು ಕೇಳಬೇಕಲ್ಲ. ಕೊನೆಗೆ ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಮೊಣಕೈ ಹಿಡಿದು, ಎಡಕ್ಕೂ ಬಲಕ್ಕೂ ನೋಡದೆ, ಆಚೆ ದಡಕ್ಕೆ ಬಿಟ್ಟು ಹೋದಳು. ಅಮೆರಿಕ ಇವರ ಹತ್ತಿರ ಯಾಕೆ ಸೋತಿತು ಅನ್ನುವುದಕ್ಕೆ ನನ್ನದೊಂದು ಸ್ವಂತ ಸಿದ್ಧಾಂತ ಹುಟ್ಟಿದ್ದು ಅಲ್ಲೇ.

ಅರಮನೆಯ ಹುಲ್ಲಿನ ಮೇಲೆ ಎರಡು ಟ್ಯಾಂಕ್ ನಿಂತಿದ್ದವು. ಗಂಟಲು ಕಟ್ಟಿತು. ಕಬ್ಬಿಣ ಸವರಿದೆ, ಒರಗಿಕೊಂಡು ಫೋಟೋ ತೆಗೆಸಿಕೊಂಡೆ. ಗೈಡ್ ಹುಡುಗಿ ಎಲ್ಲ ಮುಗಿಯುವವರೆಗೆ ಕಾದು, "ಸರ್, ಇವು ಆ ಟ್ಯಾಂಕ್ ಅಲ್ಲ, ಅದೇ ಮಾದರಿಯವು. ಅಸಲಿ ಎರಡೂ ಹನೋಯ್ ಕಡೆಯ ಮ್ಯೂಸಿಯಂಗಳಲ್ಲಿವೆ" ಎಂದಳು. ಮೊದಲೇ ಹೇಳಬಹುದಿತ್ತು, ಅಲ್ವಾ? ಆಮೇಲೆ ಸಮಾಧಾನಕ್ಕೆ ಇನ್ನೊಂದು ಸೇರಿಸಿದಳು. 1975ರ ಏಪ್ರಿಲ್ 30ರಂದು ಮೊದಲು ಬಂದ 843ನೇ ಟ್ಯಾಂಕ್ ಪಕ್ಕದ ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿತು, ಮುಖ್ಯ ಗೇಟು ಮುರಿದಿದ್ದು ಹಿಂದೆ ಬಂದ 390. ಆದರೂ ವರ್ಷಗಟ್ಟಲೆ ಹೆಸರು ಬಂದಿದ್ದು 843ಕ್ಕೆ. 1995ರಲ್ಲಿ ಫ್ರೆಂಚ್ ಛಾಯಾಗ್ರಾಹಕಿಯೊಬ್ಬರ ಹಳೇ ಫೋಟೋಗಳು ಹೊರಬಂದ ಮೇಲೆ ಲೆಕ್ಕ ಸರಿಯಾಯಿತು. ಕೆಲಸ ಒಬ್ಬರದು, ಬೈಲೈನ್ ಇನ್ನೊಬ್ಬರದು. ಪತ್ರಿಕಾ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ 390ರ ದುಃಖ ಬಿಡಿಸಿ ಹೇಳಬೇಕೇ?

ಯುದ್ಧದಲ್ಲಿ ಗೆರಿಲ್ಲಾಗಳು ಅಡಗುತ್ತಿದ್ದ ಕು ಚಿ ಸುರಂಗಕ್ಕೂ ಹೋದೆ. ಒಟ್ಟು 250 ಕಿಲೋಮೀಟರಿನಷ್ಟು ಸುರಂಗವಂತೆ. ಪ್ರವಾಸಿಗರ ಸಲುವಾಗಿ ಒಂದಷ್ಟು ಭಾಗ ಅಗಲ ಮಾಡಿದ್ದಾರೆ. ಅದನ್ನು ಅಳೆದವರು ನನ್ನ ಹೊಟ್ಟೆ ನೋಡಿರಲಿಲ್ಲ. ತಿರುವಿನಲ್ಲಿ ಹಿಂದಿದ್ದ ಜರ್ಮನ್ ಅಜ್ಜಿ ಎರಡೂ ಕೈಯಿಂದ ತಳ್ಳಿದ್ದಕ್ಕೆ ಈ ಲೇಖನ ಬರೆಯುತ್ತಿದ್ದೇನೆ. ಹೊರಗೆ ಬಂದರೆ ಬೇಯಿಸಿದ ಮರಗೆಣಸು, ಜೊತೆಗೆ ನೆಲಗಡಲೆ ಪುಡಿ. ಗೆರಿಲ್ಲಾಗಳ ಊಟ! ನನಗೆ ಅದು ಮೃಷ್ಟಾನ್ನ. ಮೀನಿನ ಸಾಸ್ ಬೀಳದ ಊಟ ಆ ದೇಶದಲ್ಲಿ ಅಪರೂಪ. ತೋಫು ಕೇಳಿದರೂ ಪಕ್ಕದ ಬಟ್ಟಲಲ್ಲಿ ಅದು ಇರುತ್ತದೆ. ನನ್ನಂಥ ಸಸ್ಯಾಹಾರಿಗಳ ಅದೃಷ್ಟಕ್ಕೆ ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲೂ ಬೌದ್ಧರಲ್ಲಿ ಬಹಳ ಜನ ಮಾಂಸ ಬಿಡುತ್ತಾರೆ. ಪಂಚಾಂಗ ನೋಡಿ ಊಟ ಹುಡುಕುವ ಕ್ರಾಂತಿಪ್ರೇಮಿ ನಾನೊಬ್ಬನೇ ಇರಬೇಕು.

ರೈಲು ಹತ್ತಿ 1,726 ಕಿಲೋಮೀಟರ್ ಆಚೆಯ ಹನೋಯ್‌ಗೆ ಬಂದೆ. ಬಾ ದಿನ್ ಚೌಕದಲ್ಲಿ 1945ರ ಸೆಪ್ಟೆಂಬರ್ 2ರಂದು ಹೋ ಸ್ವಾತಂತ್ರ್ಯ ಘೋಷಿಸಿದ್ದರು. ತೀರಿಕೊಂಡಿದ್ದೂ ಸೆಪ್ಟೆಂಬರ್ 2ರಂದೇ, 1969ರಲ್ಲಿ. ತನ್ನನ್ನು ಸುಟ್ಟು, ಬೂದಿಯನ್ನು ದೇಶದ ಮೂರು ಭಾಗಗಳಲ್ಲಿ ಇಡಿ ಅಂತ ಬರೆದಿಟ್ಟಿದ್ದರು. ಮನೆ ಹಿರಿಯರ ಮಾತು ಯಾರು ಕೇಳ್ತಾರೆ? ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿದ್ದಾರೆ. ನೋಡಲು ಬೆಳಗ್ಗೆ ಮಾತ್ರ ಅವಕಾಶ. ಟೋಪಿ ತೆಗೆಯಬೇಕು, ಜೇಬಿನಿಂದ ಕೈ ತೆಗೆಯಬೇಕು, ಮಾತಾಡಬಾರದು, ನಿಲ್ಲಬಾರದು. ತಿರುಪತಿಯ 'ಜರಗಂಡಿ ಜರಗಂಡಿ'ಯೇ, ಸದ್ದು ಮಾತ್ರ ಇಲ್ಲ. ಬಿಳಿ ಸಮವಸ್ತ್ರದ ಕಾವಲುಗಾರ ಬೆರಳಲ್ಲೇ ಮುಂದಕ್ಕೆ ಸಾಗಿಸುತ್ತಾನೆ.

ಒಳಗೆ ಏಸಿಯ ಕೊರೆವ ಚಳಿ. ಬಾಲ್ಯದಿಂದ ಕಾದಿದ್ದ ಗಳಿಗೆ. ದೀಪದ ಕೆಳಗೆ ಆ ಗಡ್ಡ, ಆ ಹಣೆ ಕಂಡವು. ಅದೇ ಹೊತ್ತಿಗೆ ನನ್ನ ಮೂಗಿನ ತುದಿಯಲ್ಲಿ ಒಂದು ಸೀನು ಬಂದು ಕೂತಿತು. ಉಸಿರು ಹಿಡಿದೆ. ಮೂಗು ಒತ್ತಿದೆ. ಮಾವನನ್ನು ನೆನೆದೆ. ಏನೂ ಪ್ರಯೋಜನವಾಗಲಿಲ್ಲ. ಅಮೃತಶಿಲೆಯ ಗೋಡೆಗಳಿಗೆ ಬಡಿದು ಆ 'ಆಕ್ಷೀ' ಎರಡು ಸಲ ಕೇಳಿಸಿತು. ಹಿಂದಿದ್ದ ಶಾಲಾ ಮಕ್ಕಳ ಸಾಲು ನಗು ತಡೆಯಲಾರದೆ ಅಲುಗಾಡಿತು. ಕಾವಲುಗಾರನ ಮುಖ ಕಲ್ಲು. ಬೆರಳು ಮಾತ್ರ ಜೋರಾಗಿ ಬಾಗಿಲು ತೋರಿಸಿತು. ದೊಡ್ಡಪ್ಪನ ಪಾದ ನೋಡಲು ಆಗಲೇ ಇಲ್ಲ.

ಹೋಟೆಲಿನ ಯಜಮಾನಿಯ ಅಜ್ಜಿ ಯೌವನದಲ್ಲಿ ಹೋ ಚಿ ಮಿನ್ ದಾರಿಯಲ್ಲಿ, ಅಂದರೆ ಯುದ್ಧಕಾಲದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸಾಮಾನು ಸಾಗಿಸುತ್ತಿದ್ದ ಕಾಡುದಾರಿಯಲ್ಲಿ, ಅಕ್ಕಿ ಮೂಟೆ ಹೊತ್ತವರು ಅಂತ ತಿಳಿದು ಸಂದರ್ಶನ ಕೇಳಿದೆ. ಮೊದಲು ಕಾಫಿ ಬಂತು. ಅದರ ಮೇಲೆ ಹಳದಿ ನೊರೆ. 1946ರಲ್ಲಿ ಹಾಲಿಗೆ ಬರ ಬಂದಾಗ ಹನೋಯ್‌ನವರೊಬ್ಬರು ಮೊಟ್ಟೆಯ ಹಳದಿ ಕಡೆದು ಹಾಕಿದ್ದರಂತೆ. ಈಗ ಹಾಲು ಬೇಕಾದಷ್ಟಿದೆ, ಮೊಟ್ಟೆ ಮಾತ್ರ ಹೋಗಿಲ್ಲ. ಪಂಚಾಂಗಕ್ಕೂ ಸಿಗದ ಸಮಸ್ಯೆ ಅದು.

ರೆಕಾರ್ಡರ್ ಒತ್ತಿ, ಕಾಡಿನಲ್ಲಿ ಅತಿ ಕಷ್ಟದ್ದು ಯಾವುದು, ಬಾಂಬೇ ಅಂತ ಕೇಳಿದೆ. ಮೊಮ್ಮಗಳು ಅನುವಾದಿಸಿದಳು. "ಜಿಗಣೆ" ಎಂದರು ಅಜ್ಜಿ. ನಮ್ಮ ತೀರ್ಥಹಳ್ಳಿ ಕಡೆಯೂ ಅದೇ ಅಂದೆ. ಅಜ್ಜಿಯ ಕಣ್ಣು ಅರಳಿತು. ಉಪ್ಪೋ, ಸುಣ್ಣವೋ, ಹೊಗೆಸೊಪ್ಪೋ ಅಂತ ನಮ್ಮಿಬ್ಬರಲ್ಲಿ ದೊಡ್ಡ ಚರ್ಚೆಯಾಯಿತು. ಸಾಮ್ರಾಜ್ಯಶಾಹಿಯ ಬಗ್ಗೆ ನಾನು ಬರೆದುಕೊಂಡು ಹೋಗಿದ್ದ ಪ್ರಶ್ನೆಗಳ ಪಟ್ಟಿ ಮೊಟ್ಟೆ ಕಾಫಿಯ ಲೋಟದ ಕೆಳಗೆ ಒದ್ದೆಯಾಗುತ್ತಿತ್ತು. ಆಮೇಲೆ ಅಜ್ಜಿ ನನ್ನ ಕೈ ಹಿಡಿದು ತಾವೇ ಕೇಳಲು ಶುರು ಮಾಡಿದರು. 'ಬಾಲಿಕಾ ವಧು' ಧಾರಾವಾಹಿ ವಿಯೆಟ್ನಾಮೀ ಭಾಷೆಯಲ್ಲಿ ಬಂದು ಅಲ್ಲಿ ಮನೆಮಾತಾಗಿತ್ತು. ಎಂಟು ವರ್ಷಕ್ಕೇ ಮದುವೆಯಾದ ಆ ಆನಂದಿ ಈಗ ಸುಖವಾಗಿದ್ದಾಳಾ? ಅವಳ ಗಂಡನಿಗೆ ಬುದ್ಧಿ ಬಂತಾ? ನನಗೆ ಎಷ್ಟನೇ ವರ್ಷಕ್ಕೆ ಮದುವೆ ಮಾಡಿದರು?

ಇಪ್ಪತ್ತೊಂಬತ್ತಕ್ಕೆ ಅಂದೆ. ಅಜ್ಜಿ ಮೊಮ್ಮಗಳ ಕಡೆ ತಿರುಗಿ, ಸರಿಯಾಗಿ ಅನುವಾದ ಮಾಡು ಅಂತ ಗದರಿದರು.