ಆ ತಂಡ ಹುಟ್ಟಿದ್ದು 1889ರಲ್ಲಿ

ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ ಕ್ರೀಡಾ ರಸಪ್ರಶ್ನೆ ಇತ್ತು. '1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ತಂಡ ಈಗ ಯಾವ ಹೆಸರಿನಲ್ಲಿ ಆಡುತ್ತಿದೆ?' ಎಂಬ ಪ್ರಶ್ನೆ ಬಂತು. ಎಫ್‌ಎ ಕಪ್ ಎಂದರೆ ಇಂಗ್ಲೆಂಡಿನ ಹೆಸರಾಂತ ಫುಟ್‌ಬಾಲ್ ಟೂರ್ನಿ. ನಾನು 'ಎಎಫ್‌ಸಿ ವಿಂಬಲ್ಡನ್' ಎಂದೆ. ತಪ್ಪು ಎಂದರು. ಅವರ ಹಾಳೆಯಲ್ಲಿ 'ಮಿಲ್ಟನ್ ಕೀನ್ಸ್ ಡಾನ್ಸ್' ಎಂದಿತ್ತು. ಡಾನ್ಸ್ ಎಂಬುದು ವಿಂಬಲ್ಡನ್ ತಂಡದ ಅಡ್ಡಹೆಸರು. ನಾನು ಒಪ್ಪದಿದ್ದಾಗ, "ನೀವು ಹೇಳುವ ತಂಡ ಹುಟ್ಟಿದ್ದೇ 2002ರಲ್ಲಿ. ಅದು 1988ರ ಕಪ್ ಗೆಲ್ಲುವುದು ಹೇಗೆ ಸರ್?" ಎಂದು ಕೇಳಿದರು. ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ಅಂಕ ಹೋದದ್ದು ದೊಡ್ಡ ವಿಷಯವಲ್ಲ. ಆ ಉತ್ತರ ಮಾತ್ರ ಮೂರು ದಿನವಾದರೂ ಮನಸ್ಸಿನಿಂದ ಇಳಿದಿಲ್ಲ. ಅಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಂಬಲ್ಡನ್ ಎಂದರೆ ನಮಗೆ ಟೆನಿಸ್. ಆದರೆ ಲಂಡನ್ನಿನ ಆ ನೈಋತ್ಯ ಭಾಗದಲ್ಲಿ ಫುಟ್‌ಬಾಲ್‌ಗೂ ಹೆಚ್ಚುಕಡಿಮೆ ಅಷ್ಟೇ ಹಳೆಯ ಬೇರಿದೆ. 1889ರಲ್ಲಿ ಸೆಂಟ್ರಲ್ ಸ್ಕೂಲ್‌ನ ಹಳೆಯ ವಿದ್ಯಾರ್ಥಿಗಳು ಸೇರಿ 'ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್' ಎಂಬ ತಂಡ ಕಟ್ಟಿದರು. ಆಟ ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ, ಬಟ್ಟೆ ಬದಲಿಸುವುದು ಪಕ್ಕದ ಪಬ್‌ನಲ್ಲಿ. 1912ರಲ್ಲಿ ಪ್ಲೌ ಲೇನ್‌ನಲ್ಲಿ ಒಂದು ಜೌಗು ನೆಲ ಸಿಕ್ಕಿತು. ನೇಗಿಲ ಓಣಿ ಎಂಬ ಅರ್ಥ ಬರುವ ಆ ರಸ್ತೆಯ ಹೆಸರು ನನಗೆ ಯಾವಾಗಲೂ ಹಿತವಾಗಿ ಕೇಳಿಸುತ್ತದೆ. ಮುಂದಿನ ಎಪ್ಪತ್ತೊಂಬತ್ತು ವರ್ಷ ತಂಡದ ಮನೆ ಅದೇ.

ಬಹುಕಾಲ ಅದು ಹವ್ಯಾಸಿಗಳ ತಂಡವಾಗಿತ್ತು. 1963ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಅಮೆಚೂರ್ ಕಪ್ ಫೈನಲ್‌ನಲ್ಲಿ ಸಟನ್ ಯುನೈಟೆಡ್ ವಿರುದ್ಧ 4–2ರಿಂದ ಗೆದ್ದಿತು. ನಾಲ್ಕೂ ಗೋಲು ಎಡ್ಡಿ ರೆನಾಲ್ಡ್ಸ್ ಒಬ್ಬರದ್ದೇ, ನಾಲ್ಕೂ ತಲೆಯಿಂದ ಹೊಡೆದದ್ದು. ಈ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ. 1975ರ ಜನವರಿಯಲ್ಲಿ, ದೇಶದ ಮೇಲಿನ ನಾಲ್ಕು ದರ್ಜೆಗಳ ಫುಟ್‌ಬಾಲ್ ಲೀಗ್‌ನ ಹೊರಗೆ ಇನ್ನೂ ಇದ್ದಾಗಲೇ, ಎಫ್‌ಎ ಕಪ್‌ನಲ್ಲಿ ಮೊದಲ ದರ್ಜೆಯ ಬರ್ನ್ಲಿಯನ್ನು ಅದರ ಮೈದಾನದಲ್ಲೇ ಮಣಿಸಿತು. ಮುಂದಿನ ಸುತ್ತಿನಲ್ಲಿ ಎದುರಾದದ್ದು ಹಾಲಿ ಲೀಗ್ ಚಾಂಪಿಯನ್ ಲೀಡ್ಸ್ ಯುನೈಟೆಡ್. ಲೀಡ್ಸ್‌ಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವರು ಪೀಟರ್ ಲೋರಿಮರ್, ಆ ಕಾಲದಲ್ಲಿ ಅವರಷ್ಟು ಬಿರುಸಾಗಿ ಚೆಂಡು ಒದೆಯುವವರು ವಿರಳ. ವಿಂಬಲ್ಡನ್ ಗೋಲ್‌ಕೀಪರ್ ಡಿಕಿ ಗೈ ಅದನ್ನು ತಡೆದರು. ಪಂದ್ಯ 0–0. ಮರುಪಂದ್ಯವನ್ನು ಒಂದೇ ಗೋಲಿನಿಂದ ಸೋತರೂ ದೇಶವೆಲ್ಲ ಆ ಹೆಸರು ಕಲಿಯಿತು. ಎರಡು ವರ್ಷದ ನಂತರ, 1977ರಲ್ಲಿ, ತಂಡ ಮತದ ಮೂಲಕ ಫುಟ್‌ಬಾಲ್ ಲೀಗ್ ಸೇರಿತು. ಆಗಿನ ನಿಯಮ ಹಾಗಿತ್ತು.

ಅಲ್ಲಿಂದ ಒಂಬತ್ತು ವರ್ಷದಲ್ಲಿ, 1986ಕ್ಕೆ, ನಾಲ್ಕನೆಯ ದರ್ಜೆಯಿಂದ ಮೊದಲ ದರ್ಜೆಗೆ ಏರಿತು. ಆ ಆಟಗಾರರಿಗೆ 'ಕ್ರೇಜಿ ಗ್ಯಾಂಗ್' ಎಂಬ ಅಡ್ಡಹೆಸರು. ಅವರ ಆಟದಲ್ಲಿ ನಯ ಕಡಿಮೆ, ಒರಟುತನ ಹೆಚ್ಚು. ಹೊಸ ಆಟಗಾರರನ್ನು ಗೋಳುಹೊಯ್ದುಕೊಳ್ಳುತ್ತಿದ್ದುದನ್ನು ಈಗ ತಮಾಷೆ ಎಂದು ನೆನೆಯುವವರಿದ್ದಾರೆ, ನನಗೆ ಅದು ತಮಾಷೆಯಾಗಿ ಕಾಣುವುದಿಲ್ಲ. ಆದರೆ 1988ರ ಮೇ 14ರ ಆ ಮಧ್ಯಾಹ್ನವನ್ನು ಯಾರೂ ಕಸಿಯಲಾರರು. ವೆಂಬ್ಲಿಯಲ್ಲಿ 98 ಸಾವಿರಕ್ಕೂ ಹೆಚ್ಚು ಜನ. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ಡೆನಿಸ್ ವೈಸ್ ಫ್ರೀ ಕಿಕ್, ಲಾರಿ ಸಾಂಚೆಜ್ ತಲೆ, ಗೋಲು. ದ್ವಿತೀಯಾರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ. ಜಾನ್ ಆಲ್ಡ್ರಿಜ್ ಒದ್ದ ಚೆಂಡನ್ನು ಡೇವ್ ಬೆಸಾಂಟ್ ಎಡಕ್ಕೆ ಹಾರಿ ಹೊರಗೆ ತಳ್ಳಿದರು. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಅದಕ್ಕೆ ಮೊದಲು ಯಾರೂ ಪೆನಾಲ್ಟಿ ತಡೆದಿರಲಿಲ್ಲ. ಬೆಸಾಂಟ್ ನಾಯಕರೂ ಆಗಿದ್ದರು, ಕಪ್ ಎತ್ತಿದ್ದೂ ಅವರೇ.

ಒಂದು ವರ್ಷದ ನಂತರ ಹಿಲ್ಸ್‌ಬರೋ ಮೈದಾನದಲ್ಲಿ, ನಿಂತು ಆಟ ನೋಡುವ ಜಾಗದ ನೂಕುನುಗ್ಗಲಿಗೆ ಸಿಕ್ಕಿ ಅನೇಕರು ಸತ್ತ ದುರಂತವಾಯಿತು. ಅದರ ಬಳಿಕ ಬಂದ ಟೇಲರ್ ವರದಿ, ದೊಡ್ಡ ಕ್ಲಬ್‌ಗಳ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಇರಬೇಕೆಂದಿತು. ಅದು ನ್ಯಾಯವಾದ ಮಾತು. ಪ್ಲೌ ಲೇನನ್ನು ಹಾಗೆ ಮಾಡುವುದು ಆಗದು ಎಂದು ಆಡಳಿತ ತೀರ್ಮಾನಿಸಿತು. 1991ರಲ್ಲಿ ತಂಡ ಕ್ರಿಸ್ಟಲ್ ಪ್ಯಾಲೇಸ್‌ನ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಎಂದರು. ಹಳೆಯ ಮೈದಾನ 1998ರಲ್ಲಿ ಸೂಪರ್‌ಮಾರ್ಕೆಟ್ ಕಂಪನಿಯೊಂದಕ್ಕೆ ಮಾರಾಟವಾಯಿತು. ಮನೆ ಮಾರಿದ ಮೇಲೆ ಬಾಡಿಗೆಮನೆ ತಾತ್ಕಾಲಿಕವಾಗಿ ಉಳಿಯುತ್ತದೆಯೇ?

ನಡುವಿನ ವರ್ಷಗಳನ್ನು ಬಿಡುತ್ತೇನೆ. ಒಡೆಯರು ಬದಲಾದರು, ಡಬ್ಲಿನ್‌ಗೆ ಒಯ್ಯುವ ಮಾತೂ ಎದ್ದು ಬಿತ್ತು. 2000ದ ಮೇ 14ರಂದು, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷಕ್ಕೆ, ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಆಮೇಲೆ ಬಂತು ಮಿಲ್ಟನ್ ಕೀನ್ಸ್ ಯೋಜನೆ. ಲಂಡನ್ನಿನ ಆಚೆ ಸುಮಾರು 90 ಕಿಲೋಮೀಟರ್ ದೂರದಲ್ಲಿ 1960ರ ದಶಕದಲ್ಲಿ ರೂಪಿಸಿದ ನಗರ ಅದು. ಜನ ಇದ್ದರು, ಜಾಗ ಇತ್ತು, ಲೀಗ್‌ನಲ್ಲಿ ಆಡುವ ತಂಡ ಮಾತ್ರ ಇರಲಿಲ್ಲ. ಕೆಳಗಿನಿಂದ ಕಟ್ಟಿ ಬೆಳೆಸುವ ಬದಲು, ಬೆಳೆದು ನಿಂತ ತಂಡವನ್ನು ಬೇರುಸಮೇತ ಕಿತ್ತು ತರುವುದೆಂದಾಯಿತು. ಲೀಗ್ ಮೊದಲು ಬೇಡವೆಂದಿತ್ತು. ಕೊನೆಗೆ ತೀರ್ಮಾನ ಮೂವರ ಸ್ವತಂತ್ರ ಆಯೋಗದ ಮುಂದೆ ಬಂತು. 2002ರ ಮೇ 28ರಂದು ಎರಡು ಮತ ಹೌದು, ಒಂದು ಮತ ಇಲ್ಲ. ಹೋಗಬಹುದು ಎಂದಾಯಿತು. ಊರಿನಲ್ಲೇ ಹೊಸದಾಗಿ ತಂಡ ಕಟ್ಟುವುದು ಫುಟ್‌ಬಾಲ್‌ನ ವಿಶಾಲ ಹಿತಕ್ಕೆ ತಕ್ಕುದಲ್ಲ ಎಂಬರ್ಥದ ಮಾತನ್ನೂ ಆಯೋಗದ ವರದಿಯಲ್ಲಿ ಬರೆಯಲಾಗಿತ್ತು. ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ಕೋಪ ಬರುತ್ತದೆ. ಯಾರ ಹಿತ? ಮಳೆಯಲ್ಲಿ ನಿಂತು ಆಟ ನೋಡಿದವರನ್ನು ಬಿಟ್ಟು ಉಳಿಯುವ ಆ ವಿಶಾಲ ಹಿತ ಯಾವುದು?

ಮುಂದೆ ನಡೆದದ್ದನ್ನು ನಿಧಾನವಾಗಿ ಓದಿ. ಮೇ 30ರಂದು ಅಭಿಮಾನಿಗಳು ಸಭೆ ಸೇರಿದರು. ಕೋರ್ಟಿಗೆ ಹೋಗೋಣವೇ, ಇನ್ನಷ್ಟು ಪ್ರತಿಭಟಿಸೋಣವೇ ಎಂದು ಚರ್ಚೆ. ಕ್ರಿಸ್ ಸ್ಟೀವರ್ಟ್ ಎಂಬ ಅಭಿಮಾನಿ ಎದ್ದುನಿಂತು, ಹೋರಾಡಿ ಸಾಕಾಗಿದೆ, ತನಗೆ ಫುಟ್‌ಬಾಲ್ ನೋಡಬೇಕಷ್ಟೇ ಎಂದರು. ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ತಂಡ ಕಟ್ಟುವ ನಿರ್ಧಾರ ಗಟ್ಟಿಯಾದದ್ದು ಆ ಮಾತಿನಿಂದ. ಜೂನ್ 29ರಂದು ಆಟಗಾರರ ಆಯ್ಕೆ. ಎಲ್ಲಿ ಗೊತ್ತೇ? ವಿಂಬಲ್ಡನ್ ಕಾಮನ್‌ನಲ್ಲಿ, 1889ರ ಹುಡುಗರು ಆಡಿದ ಅದೇ ಬಯಲಿನಲ್ಲಿ. ಯಾರು ಬೇಕಾದರೂ ಬರಬಹುದು ಎಂದಿದ್ದರು, ಸುಮಾರು 230 ಮಂದಿ ಬಂದರು. ಜುಲೈ 10ಕ್ಕೆ ಮೊದಲ ಪಂದ್ಯ, ಸಟನ್ ಯುನೈಟೆಡ್ ವಿರುದ್ಧ. 4–0 ಸೋಲು. ನೋಡಲು ಬಂದವರು 4,657. ಆಯೋಗದ ತೀರ್ಪು ಬಂದು ಆರು ವಾರವಷ್ಟೇ ಆಗಿತ್ತು!

ತಂಡಕ್ಕೆ ಸಿಕ್ಕಿದ್ದು ಒಂಬತ್ತನೆಯ ಹಂತದ ಕಂಬೈಂಡ್ ಕೌಂಟೀಸ್ ಲೀಗ್. ಕೆಲವು ನೂರು ಜನ ಬಂದರೆ ಹಬ್ಬ ಎನ್ನುವಂಥ ಮೈದಾನಗಳು. ಸ್ಯಾಂಡ್‌ಹರ್ಸ್ಟ್ ಟೌನ್‌ನಲ್ಲಿ ಆಡಿದ ಮೊದಲ ಲೀಗ್ ಪಂದ್ಯಕ್ಕೆ 2,449 ಮಂದಿ ಬಂದರು. 2003ರಿಂದ 2004ರವರೆಗೆ ಸತತ 78 ಲೀಗ್ ಪಂದ್ಯ ಸೋಲಿಲ್ಲದೆ ಆಡಿತು, ಇಂಗ್ಲೆಂಡಿನ ಹಿರಿಯರ ಫುಟ್‌ಬಾಲ್‌ನಲ್ಲಿ ಅದು ದಾಖಲೆ. ಕ್ಲಬ್‌ನ ಒಡೆತನ ಅಭಿಮಾನಿಗಳ ಡಾನ್ಸ್ ಟ್ರಸ್ಟ್‌ನದು. ಎಷ್ಟೇ ಹಣ ಹಾಕಿದರೂ ಸದಸ್ಯನಿಗೆ ಒಂದೇ ಮತ. ಲೀಡ್ಸ್ ಎದುರು ಪೆನಾಲ್ಟಿ ತಡೆದ ಡಿಕಿ ಗೈ ಕ್ಲಬ್‌ನ ಅಧ್ಯಕ್ಷರಾದರು.

2011ರ ಮೇ 21, ಮ್ಯಾಂಚೆಸ್ಟರ್. ಎದುರಾಳಿ ಲೂಟನ್ ಟೌನ್. ಗೆದ್ದರೆ ಫುಟ್‌ಬಾಲ್ ಲೀಗ್. 120 ನಿಮಿಷ ಆಡಿದರೂ ಗೋಲಿಲ್ಲ, ಪೆನಾಲ್ಟಿಗೆ ಹೋಯಿತು. ಗೋಲಿನಲ್ಲಿ ಸೆಬ್ ಬ್ರೌನ್, ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿಯಾಗಿದ್ದ ಹುಡುಗ. ಎರಡು ಪೆನಾಲ್ಟಿ ತಡೆದ. ಕೊನೆಯದನ್ನು ನಾಯಕ ಡ್ಯಾನಿ ಕೆಡ್ವೆಲ್ ಬಲೆಯ ಮೇಲ್ಭಾಗಕ್ಕೆ ಬಾರಿಸಿದರು. 4–3. ಒಂಬತ್ತು ವರ್ಷ, ಐದು ಬಡ್ತಿ. 1975ರಲ್ಲಿ ಗೈ, 1988ರಲ್ಲಿ ಬೆಸಾಂಟ್, 2011ರಲ್ಲಿ ಬ್ರೌನ್. ಇದು ಬೇರೆ ತಂಡ ಎಂದು ನನಗೆ ಯಾರಾದರೂ ವಿವರಿಸಲಿ.

'ಭಾವನೆ ಸರಿ, ಕಾಗದ ಏನು ಹೇಳುತ್ತದೆ?' ಎಂದು ರಸಪ್ರಶ್ನೆ ನಡೆಸಿದವರು ಕೇಳಬಹುದು. ಕಾಗದದ ಪ್ರಕಾರ ಹಳೆಯ ಕ್ಲಬ್‌ನ ಲೀಗ್ ಸ್ಥಾನ 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋಯಿತು, 2004ರಲ್ಲಿ ಹೆಸರು ಬದಲಾಯಿತು. ಆದರೆ ಕಾಗದವನ್ನು ಅಲ್ಲಿಗೇ ಮುಚ್ಚಬೇಡಿ. ಅಭಿಮಾನಿ ಸಂಘಟನೆಗಳೊಂದಿಗಿನ ಒಪ್ಪಂದದಂತೆ ಮಿಲ್ಟನ್ ಕೀನ್ಸ್ ಡಾನ್ಸ್ ಹಳೆಯ ಇತಿಹಾಸದ ಮೇಲಿನ ಹಕ್ಕನ್ನು ತಾನಾಗಿ ಬಿಟ್ಟುಕೊಟ್ಟಿತು. ಎಫ್‌ಎ ಕಪ್‌ನ ಪ್ರತಿಕೃತಿ ಮತ್ತು ಉಳಿದ ಸ್ಮರಣಿಕೆಗಳು 2007ರಲ್ಲಿ ವಿಂಬಲ್ಡನ್ ಸೇರುವ ಮರ್ಟನ್ ಬರೋ ಆಡಳಿತದ ವಶಕ್ಕೆ ಬಂದವು. ತಾನು ಹುಟ್ಟಿದ್ದು 2004ರಲ್ಲಿ ಎಂದು ಆ ಕ್ಲಬ್ಬೇ ಹೇಳುತ್ತದೆ. ಅವರೇ ತಮ್ಮದಲ್ಲ ಎಂದ ಕಪ್ಪನ್ನು ನಾವು ಬೆಂಗಳೂರಿನಲ್ಲಿ ಕುಳಿತು ಅವರಿಗೆ ಕೊಡುವುದು ಯಾವ ಲೆಕ್ಕ?

ಮಿಲ್ಟನ್ ಕೀನ್ಸ್‌ನ ಮಕ್ಕಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ತಮ್ಮ ಊರಿನ ತಂಡವನ್ನು ಅವರು ಪ್ರೀತಿಸುತ್ತಾರೆ, ಪ್ರೀತಿಸಬೇಕು. ವಿಂಬಲ್ಡನ್‌ನವರದ್ದು ಕಳಂಕವಿಲ್ಲದ ಕಥೆ ಎಂದೂ ಹೇಳಲಾರೆ. ಅವರಿದ್ದ ಕಿಂಗ್ಸ್‌ಮೆಡೋ ಮೈದಾನ ಮೂಲದಲ್ಲಿ ಕಿಂಗ್‌ಸ್ಟೋನಿಯನ್ ಎಂಬ ಸಣ್ಣ ಕ್ಲಬ್‌ನದು. ಊರಿಗೆ ಮರಳುವ ಹಣಕ್ಕಾಗಿ ಅದನ್ನು ಚೆಲ್ಸಿಗೆ ಮಾರಿದರು, 2017ರಲ್ಲಿ ಕಿಂಗ್‌ಸ್ಟೋನಿಯನ್ ಮನೆ ಕಳೆದುಕೊಂಡಿತು. ಮನೆ ಕಳೆದುಕೊಂಡ ನೋವು ಬಲ್ಲವರ ಕೈಯಿಂದಲೇ ಇದು ಆಯಿತು. ಈ ತಂಡದ ಬಗ್ಗೆ ನನಗೆ ಇಂದಿಗೂ ಚುಚ್ಚುವ ಸಂಗತಿ ಇದೊಂದು.

ಮರಳಿದ್ದಂತೂ ನಿಜ. ಹಳೆಯ ಮೈದಾನದಿಂದ ಕೂಗಳತೆ ದೂರದಲ್ಲಿ, ನಾಯಿಗಳ ಓಟ ನಡೆಯುತ್ತಿದ್ದ ಕ್ರೀಡಾಂಗಣದ ಜಾಗದಲ್ಲಿ ಹೊಸ ಪ್ಲೌ ಲೇನ್ ಎದ್ದಿತು. ಕೊನೆಯ ಘಟ್ಟದಲ್ಲಿ ಹಣ ಸಾಲದೆ ಪಾಲು ಮಾರುವ ಪ್ರಸ್ತಾಪ ಬಂದಾಗ, ಅಭಿಮಾನಿಗಳು ಬಾಂಡ್ ಮೂಲಕ 50 ಲಕ್ಷ ಪೌಂಡ್‌ಗೂ ಹೆಚ್ಚು ಕೂಡಿಸಿದರು. 2020ರ ನವೆಂಬರ್ 3ರಂದು ಮೊದಲ ಪಂದ್ಯ. ಕೊರೊನಾ ಕಾರಣ ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾದವರು ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿದರು.

ನಾನು ಕೆಲಸದ ಮೇಲೆ ಲಂಡನ್ನಿನಲ್ಲಿದ್ದಾಗ ಟೂಟಿಂಗ್‌ನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನರು, ಅಂಚೆ ಇಲಾಖೆಯಿಂದ ನಿವೃತ್ತರಾದವರು. 2024ರ ಮಾರ್ಚ್ 2ರಂದು ಅವರು ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋದರು. ಎದುರಾಳಿ ಮಿಲ್ಟನ್ ಕೀನ್ಸ್. ತೊಂಬತ್ತು ನಿಮಿಷ ಮುಗಿದರೂ 0–0. ಜನ ಉಗುರು ಕಚ್ಚುತ್ತಿದ್ದರು. ಹೆಚ್ಚುವರಿ ಸಮಯದ ನಾಲ್ಕನೆಯ ನಿಮಿಷಕ್ಕೆ ರೋನನ್ ಕರ್ಟಿಸ್ ಗೋಲು ಹೊಡೆದರು. ಸುತ್ತ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ ಅವರು ಮಾತ್ರ ಕುರ್ಚಿಯಲ್ಲಿ ಕುಳಿತು, ಕನ್ನಡಕ ತೆಗೆದು, ಕೈವಸ್ತ್ರದಿಂದ ಒರೆಸುತ್ತಲೇ ಇದ್ದರು.

ಆ ದಿನ ಹೋಗುವಾಗಿನ ಒಂದು ಸಂಗತಿ ಹೇಳಬೇಕು. ಟೂಟಿಂಗ್ ಕಡೆಯಿಂದ ನಡೆದು ಬಂದರೆ ಹೊಸ ಕ್ರೀಡಾಂಗಣವೇ ಮೊದಲು ಸಿಗುತ್ತದೆ. ಅವರು ಬಾಗಿಲ ಬಳಿ ನಿಲ್ಲಲಿಲ್ಲ. ಜನರ ಎದುರು ಮುಖವಾಗಿ ಮುಂದೆ ನಡೆದರು. ವಾಂಡಲ್ ನದಿಯ ಸಣ್ಣ ಸೇತುವೆ ದಾಟಿ, ಹಳೆಯ ಮೈದಾನವಿದ್ದ ಮೂಲೆಗೆ ಬಂದರು. ಈಗ ಅಲ್ಲಿ ಅಪಾರ್ಟ್‌ಮೆಂಟ್. ಅದರ ಹೆಸರು ರೆನಾಲ್ಡ್ಸ್ ಗೇಟ್, ತಲೆಯಿಂದ ನಾಲ್ಕು ಗೋಲು ಹೊಡೆದ ಅದೇ ಎಡ್ಡಿ ರೆನಾಲ್ಡ್ಸ್ ಹೆಸರು. ಕಾರು ನಿಲ್ಲಿಸುವ ಜಾಗದತ್ತ ಬೆರಳು ತೋರಿಸಿ, "ನಮ್ಮ ಅಪ್ಪ ಅಲ್ಲಿ ನಿಲ್ಲುತ್ತಿದ್ದರು. ನಾನು ಅವರ ಮುಂದೆ" ಎಂದರು. ಅರ್ಧ ನಿಮಿಷ ನಿಂತರು. ಮತ್ತೆ ಅದೇ ಸೇತುವೆ ದಾಟಿ ಹಿಂದಕ್ಕೆ ಬಂದು, ಸಾಲಿನಲ್ಲಿ ನಿಂತು, ಟಿಕೆಟ್ ತೋರಿಸಿ ಒಳಗೆ ಹೋದೆವು. ಪ್ರತಿ ಪಂದ್ಯಕ್ಕೂ ಅವರು ಹೀಗೆಯೇ ಹೋಗುತ್ತಾರಂತೆ.